ವರ್ಷಕ್ಕೊಂದಾ, ಐದು ವರ್ಷಕ್ಕೊಂದಾ? ಹೆಂಗಸರ ಕ್ಯಾನ್ಸರ್ ಸ್ಕ್ರೀನಿಂಗ್ ದೇಶಕ್ಕೊಂದು ಥರ ಯಾಕಿದೆ

ಜರ್ಮನಿಯಲ್ಲಿರೋ 28 ವರ್ಷದ ಹೆಂಗಸು ವರ್ಷಕ್ಕೊಂದು ಸಲ ಪ್ಯಾಪ್ ಸ್ಮಿಯರ್, ಅಂದ್ರೆ ಗರ್ಭಕಂಠದ ಕ್ಯಾನ್ಸರ್‌ಗೆ ಮಾಡೋ ಸ್ಕ್ರೀನಿಂಗ್ ಟೆಸ್ಟ್, ಮಾಡಿಸ್ಕೋಬಹುದು, ಖರ್ಚು ಇನ್ಶೂರೆನ್ಸ್‌ನವರೇ ನೋಡ್ಕೋತಾರೆ. ಅವಳೇ ಕೆಲಸ ಸಿಕ್ತು ಅಂತ ಪಕ್ಕದ ನೆದರ್‌ಲ್ಯಾಂಡ್ಸ್‌ಗೆ ಹೋದ್ರೆ ಅಲ್ಲಿ 30 ತುಂಬೋವರೆಗೂ ಯಾರೂ ಕರೆಯೋದೇ ಇಲ್ಲ, ಕರೆದ ಮೇಲೂ ರಿಪೋರ್ಟ್ ಚೆನ್ನಾಗಿದ್ರೆ ಇನ್ನು ಐದು ವರ್ಷ ಬಿಟ್ಟು ಬನ್ನಿ ಅಂತಾರೆ. 40ಕ್ಕೆ ಮಾಡಿದ ಟೆಸ್ಟ್ ನೆಗೆಟಿವ್ ಬಂತು ಅಂದ್ರೆ ಹತ್ತು ವರ್ಷ ಬಿಟ್ಟು! ಅಮೆರಿಕದಲ್ಲಿ 21ಕ್ಕೇ ಶುರು ಮಾಡಿ ಅಂತಾರೆ, ದಕ್ಷಿಣ ಆಫ್ರಿಕಾದ ಸರ್ಕಾರಿ ಪಾಲಿಸಿಯಲ್ಲಿ 30 ದಾಟಿದ ಮೇಲೆ ಹತ್ತತ್ತು ವರ್ಷಕ್ಕೊಂದರಂತೆ ಇಡೀ ಜೀವಮಾನಕ್ಕೆ ಮೂರು ಟೆಸ್ಟ್. ಕಾಯಿಲೆ ಒಂದೇ, ದೇಹ ಒಂದೇ, ಹಾಗಿದ್ರೆ ಯಾರು ಸರಿ? ಜಾಸ್ತಿ ಸಲ ಟೆಸ್ಟ್ ಮಾಡೋ ದೇಶನೇ ಮುಂದುವರಿದದ್ದು, ಕಮ್ಮಿ ಮಾಡೋರು ದುಡ್ಡು ಉಳಿಸ್ತಿದಾರೆ ಅಂತ ಯಾರಿಗಾದ್ರೂ ಅನ್ನಿಸೋದು ಸಹಜ, ಆದ್ರೆ ಲೆಕ್ಕ ಹಾಗಿಲ್ಲ.

ಮೊದಲು ಒಂದು ಮಾತು ಕ್ಲಿಯರ್ ಆಗ್ಬೇಕು. ಸ್ಕ್ರೀನಿಂಗ್ ಅಂದ್ರೆ ಏನೂ ತೊಂದ್ರೆ ಇಲ್ಲದೇ ಇರೋರನ್ನ ಕರೆದು ಟೆಸ್ಟ್ ಮಾಡೋದು. ಎದೆಯಲ್ಲಿ ಗಂಟು ಸಿಕ್ಕಿದೆ, ಮುಟ್ಟು ನಿಂತ ಮೇಲೂ ರಕ್ತ ಹೋಗ್ತಿದೆ ಅಂತ ಬಂದೋರಿಗೆ ಮಾಡೋದು ಸ್ಕ್ರೀನಿಂಗ್ ಅಲ್ಲ, ಅದು ಕಾಯಿಲೆ ಪತ್ತೆ ಮಾಡೋ ಟೆಸ್ಟ್, ಅದಕ್ಕೆ ವಯಸ್ಸಿನ ರೂಲ್ಸ್ ಯಾವುದೂ ಇಲ್ಲ. ಆರೋಗ್ಯವಾಗಿರೋ ಲಕ್ಷಾಂತರ ಜನರನ್ನ ಕರೆದು ಟೆಸ್ಟ್ ಮಾಡೋವಾಗ ಕೆಲವರಿಗೆ ಒಳ್ಳೇದಾಗತ್ತೆ, ಕೆಲವರಿಗೆ ಅದರಿಂದಲೇ ತೊಂದ್ರೆನೂ ಆಗತ್ತೆ, ಇದನ್ನ ಹೇಗೆ ತೂಗಬೇಕು ಅಂತ ವಿಲ್ಸನ್ ಮತ್ತು ಯುಂಗ್ನರ್ ಅನ್ನೋ ಇಬ್ಬರು 1968ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಗೆ ಬರೆದುಕೊಟ್ರು. ಕಾಯಿಲೆ ದೊಡ್ಡದಿರಬೇಕು, ಅದು ಬಲಿಯೋಕೆ ಮುಂಚೆ ಸಿಗೋ ಹಂತ ಒಂದಿರಬೇಕು, ಟೆಸ್ಟ್ ಜನ ಒಪ್ಪೋ ಥರ ಇರಬೇಕು, ಸಿಕ್ಕ ಮೇಲೆ ಟ್ರೀಟ್‌ಮೆಂಟ್ ಕೊಡೋ ವ್ಯವಸ್ಥೆ ಇರಬೇಕು, ಇಂಥವು. ಇವತ್ತಿಗೂ ಎಲ್ಲಾ ದೇಶದ ಕಮಿಟಿಗಳು ಕೂತು ಕಿತ್ತಾಡೋದು ಇದೇ ಪಟ್ಟಿ ಇಟ್ಕೊಂಡು.

ಗರ್ಭಕಂಠದ ಕ್ಯಾನ್ಸರ್ ಈ ಪಟ್ಟಿಗೆ ಹೇಳಿ ಮಾಡಿಸಿದ ಹಾಗಿದೆ. ಇದು ಬರೋದು ಹೆಚ್ಚೂ ಕಮ್ಮಿ ಎಲ್ಲಾ ಕೇಸ್‌ಗಳಲ್ಲೂ ಎಚ್‌ಪಿವಿ ಅನ್ನೋ ವೈರಸ್‌ನಿಂದ, ಇದನ್ನ ಕಂಡುಹಿಡಿದ ಹರಾಲ್ಡ್ ತ್ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ವೈರಸ್ ತಗುಲಿದೋರಲ್ಲಿ ಬಹಳಷ್ಟು ಜನಕ್ಕೆ ಒಂದೆರಡು ವರ್ಷದಲ್ಲಿ ತಾನೇ ಹೋಗ್ಬಿಡತ್ತೆ, ಗೊತ್ತೂ ಆಗಲ್ಲ. ಕೆಲವರಲ್ಲಿ ಉಳ್ಕೊಳತ್ತೆ, ಉಳ್ಕೊಂಡು ಜೀವಕೋಶಗಳು ನಿಧಾನಕ್ಕೆ ಕೆಡ್ತಾ ಹೋಗಿ ಕ್ಯಾನ್ಸರ್ ಆಗೋಕೆ ಸಾಮಾನ್ಯವಾಗಿ 15–20 ವರ್ಷ ಹಿಡಿಯತ್ತೆ. ಈ ಮಧ್ಯದ ಉದ್ದನೆ ಟೈಮ್‌ನಲ್ಲಿ ಯಾವಾಗ ಸಿಕ್ಕಿದ್ರೂ ಕೆಟ್ಟ ಜಾಗ ತೆಗೆದುಬಿಟ್ರೆ ಮುಗೀತು, ಉಗುರಲ್ಲಿ ಹೋಗೋದಕ್ಕೆ ಕೊಡಲಿ ಬೇಕಾಗಲ್ಲ.

ಇಲ್ಲೇ ವಯಸ್ಸಿನ ಜಗಳ ಶುರುವಾಗೋದು. 22 ವರ್ಷದವಳಿಗೆ ಟೆಸ್ಟ್ ಮಾಡಿದ್ರೆ ವೈರಸ್ ಅಥವಾ ಸಣ್ಣಪುಟ್ಟ ಬದಲಾವಣೆ ಸಿಗೋ ಚಾನ್ಸ್ ಜಾಸ್ತಿ, ಆದ್ರೆ ಅದು ತಾನೇ ಹೋಗೋ ಚಾನ್ಸೂ ಜಾಸ್ತಿ. ಸಿಕ್ತಲ್ಲ ಅಂತ ಗರ್ಭಕಂಠದ ಒಂದು ತುಂಡು ಕತ್ತರಿಸಿ ತೆಗೆದ್ರೆ ಮುಂದೆ ಬಸುರಿಯಾದಾಗ ದಿನ ತುಂಬೋ ಮುಂಚೆ ಹೆರಿಗೆ ಆಗೋ ರಿಸ್ಕ್ ಸ್ವಲ್ಪ ಏರತ್ತೆ. ಫಿನ್ಲೆಂಡು, ನೆದರ್‌ಲ್ಯಾಂಡ್ಸು 30ರವರೆಗೂ ಕಾಯೋದು ಈ ಲೆಕ್ಕಕ್ಕೆ. ಇಂಗ್ಲೆಂಡು, ಆಸ್ಟ್ರೇಲಿಯಾ 25 ಅಂತಾರೆ. ಅಮೆರಿಕದಲ್ಲಂತೂ ಒಂದೇ ದೇಶದೊಳಗೆ ಎರಡು ಮಾತು, ಸರ್ಕಾರದ ಬೆಂಬಲ ಇರೋ ಪ್ರಿವೆಂಟಿವ್ ಸರ್ವೀಸಸ್ ಟಾಸ್ಕ್ ಫೋರ್ಸ್ ಅನ್ನೋ ತಜ್ಞರ ಸಮಿತಿ 2018ರಲ್ಲಿ 21 ಅಂತು, ಅಮೆರಿಕನ್ ಕ್ಯಾನ್ಸರ್ ಸೊಸೈಟಿ 2020ರಲ್ಲಿ 25 ಅಂತು. ಜಪಾನ್, ದಕ್ಷಿಣ ಕೊರಿಯಾದಲ್ಲಿ 20ಕ್ಕೇ ಶುರು, ಎರಡು ವರ್ಷಕ್ಕೊಂದು.

ಇನ್ನು ಎಷ್ಟು ವರ್ಷಕ್ಕೊಂದು ಅನ್ನೋದು ಯಾವ ಟೆಸ್ಟ್ ಅನ್ನೋದರ ಮೇಲೆ ನಿಂತಿದೆ, ಜನ ಬಹಳ ಗೊಂದಲ ಮಾಡ್ಕೊಳ್ಳೋದೂ ಇಲ್ಲೇ. ಪ್ಯಾಪ್ ಸ್ಮಿಯರ್‌ನಲ್ಲಿ ಜೀವಕೋಶಗಳನ್ನ ಗಾಜಿನ ಮೇಲೆ ಹರಡಿ ಒಬ್ಬರು ಮೈಕ್ರೋಸ್ಕೋಪ್‌ನಲ್ಲಿ ಕಣ್ಣಾರೆ ನೋಡಬೇಕು, ಕೆಟ್ಟದ್ದು ಕಾಣದೇ ತಪ್ಪಿಹೋಗೋದು ಕಮ್ಮಿಯೇನಲ್ಲ, ಅದಕ್ಕೇ ಮತ್ತೆ ಮತ್ತೆ ಮಾಡ್ತಾರೆ, ಒಂದು ಸಲ ತಪ್ಪಿದ್ದು ಇನ್ನೊಂದು ಸಲ ಸಿಗ್ಲಿ ಅಂತ. ಎಚ್‌ಪಿವಿ ಟೆಸ್ಟ್ ನೇರವಾಗಿ ವೈರಸ್‌ನೇ ಹುಡುಕತ್ತೆ, ಮೆಷಿನ್ ಓದತ್ತೆ, ತಪ್ಪಿಹೋಗೋದು ಬಹಳ ಕಮ್ಮಿ. ವೈರಸ್ಸೇ ಇಲ್ಲ ಅಂದ್ಮೇಲೆ ಮುಂದಿನ ಐದು ವರ್ಷದಲ್ಲಿ ಕ್ಯಾನ್ಸರ್ ಹುಟ್ಟೋದು ಅಪರೂಪ. ಹಾಗಾಗಿ ಎಚ್‌ಪಿವಿ ಟೆಸ್ಟ್‌ನ ಐದು ವರ್ಷ, ಪ್ಯಾಪ್‌ನ ಮೂರು ವರ್ಷಕ್ಕಿಂತ ಕಡೆಯೇನಲ್ಲ.

ಆದ್ರೆ ಇದನ್ನ ಜನಕ್ಕೆ ಹೇಳೋದು ಸುಲಭ ಇಲ್ಲ. ಆಸ್ಟ್ರೇಲಿಯಾ 2017ರ ಡಿಸೆಂಬರ್‌ನಲ್ಲಿ ಎರಡು ವರ್ಷದ ಪ್ಯಾಪ್ ಬಿಟ್ಟು ಐದು ವರ್ಷದ ಎಚ್‌ಪಿವಿಗೆ ಹೋಯ್ತು. ವೇಲ್ಸ್ 2022ರ ಜನವರಿಯಲ್ಲಿ 25ರಿಂದ 49ರ ಹೆಂಗಸರಿಗೆ ಮೂರು ವರ್ಷದ ಗ್ಯಾಪನ್ನ ಐದು ಮಾಡಿದಾಗ ಜನ ರೊಚ್ಚಿಗೆದ್ರು, ನಮ್ಮ ಜೀವದ ಜೊತೆ ಆಟ ಆಡ್ತಿದೀರಾ ಅಂತ ಲಕ್ಷಾಂತರ ಜನ ಪಿಟಿಷನ್‌ಗೆ ಸಹಿ ಹಾಕಿದ್ರು, ಕೊನೆಗೆ ಅಲ್ಲಿನ ಆರೋಗ್ಯ ಇಲಾಖೆಯವರು ನಾವು ಸರಿಯಾಗಿ ವಿವರಿಸಲಿಲ್ಲ ಅಂತ ಕ್ಷಮೆ ಕೇಳಬೇಕಾಯ್ತು. ಬದಲಾವಣೆ ಮಾತ್ರ ವಾಪಸ್ ತಗೊಳ್ಳಲಿಲ್ಲ, ವಿಜ್ಞಾನ ಸರಿಯಾಗೇ ಇತ್ತು. ಇಂಗ್ಲೆಂಡೂ 2025ರ ಜುಲೈನಿಂದ ಅದೇ ದಾರಿ ಹಿಡೀತು.

ಈಗ ನನ್ನ ಪ್ರಕಾರ ಅಸಲಿ ವಿಷಯ. ಟೆಸ್ಟ್ ಯಾವುದು, ಎಷ್ಟು ವರ್ಷಕ್ಕೊಂದು ಅನ್ನೋದಕ್ಕಿಂತ ದೊಡ್ಡ ವ್ಯತ್ಯಾಸ ಇರೋದು ಯಾರು ಯಾರನ್ನ ಕರೀತಾರೆ ಅನ್ನೋದ್ರಲ್ಲಿ. ಕೆಲವು ದೇಶಗಳಲ್ಲಿ ಸರ್ಕಾರದ ಹತ್ರ ಎಲ್ಲಾ ಹೆಂಗಸರ ಪಟ್ಟಿ ಇರತ್ತೆ, ವಯಸ್ಸು ಬಂದ ತಕ್ಷಣ ಮನೆಗೆ ಕಾಗದ ಬರತ್ತೆ, ಹೋಗಲಿಲ್ಲ ಅಂದ್ರೆ ಮತ್ತೆ ಜ್ಞಾಪಿಸ್ತಾರೆ, ರಿಪೋರ್ಟ್ ಕೆಟ್ಟದು ಬಂದೋರು ಮುಂದಿನ ಟೆಸ್ಟ್‌ಗೆ ಹೋದ್ರಾ ಇಲ್ವಾ ಅಂತಾನೂ ನೋಡ್ತಾರೆ. ಇನ್ನು ಕೆಲವು ಕಡೆ ಬೇರೆ ಏನಕ್ಕೋ ಡಾಕ್ಟರ್ ಹತ್ರ ಹೋದಾಗ ಅವರು ಇದನ್ನೂ ಮಾಡಿಬಿಡೋಣ ಅಂದ್ರೆ ಆಯ್ತು, ಇಲ್ಲಾಂದ್ರೆ ಇಲ್ಲ.

ಫಿನ್ಲೆಂಡ್ ಮೊದಲನೇ ಥರದ್ದಕ್ಕೆ ಒಳ್ಳೆ ಉದಾಹರಣೆ. 1963ರಲ್ಲಿ ಶುರು ಮಾಡಿದ್ರು, ದೇಶದ ಜನಸಂಖ್ಯಾ ರಿಜಿಸ್ಟರ್ ಇಟ್ಕೊಂಡು 30ರಿಂದ 60ರವರೆಗೆ ಐದು ವರ್ಷಕ್ಕೊಂದು ಕಾಗದ, ಅಂದ್ರೆ ಜೀವನದಲ್ಲಿ ಒಟ್ಟು ಏಳು ಸಲ. ಅದೂ ಬಹಳ ವರ್ಷ ಹಳೇ ಪ್ಯಾಪ್ ಟೆಸ್ಟೇ. ಅಷ್ಟಕ್ಕೇ ಗರ್ಭಕಂಠದ ಕ್ಯಾನ್ಸರ್ ಸಾವುಗಳು ಸುಮಾರು 80% ಇಳಿದ್ವು. ಆ ಕಡೆ ಬ್ರಿಟನ್‌ನಲ್ಲಿ 60ರ ದಶಕದಿಂದಲೂ ಸ್ಮಿಯರ್ ಮಾಡ್ತಾನೇ ಇದ್ರು, ಲಕ್ಷ ಲಕ್ಷ ಟೆಸ್ಟ್ ಆಗ್ತಿತ್ತು, ಆದ್ರೂ ಅಂದ್ಕೊಂಡಷ್ಟು ಪ್ರಯೋಜನ ಕಾಣ್ಲಿಲ್ಲ, ಯಾಕಂದ್ರೆ ಬಂದೋರೇ ಮತ್ತೆ ಮತ್ತೆ ಬರ್ತಿದ್ರು, ಬರದೇ ಇದ್ದೋರು ಬರ್ತಾನೇ ಇರಲಿಲ್ಲ. 1988ರಲ್ಲಿ ಕಂಪ್ಯೂಟರ್ ಪಟ್ಟಿ ಮಾಡಿ ಎಲ್ಲರನ್ನೂ ಕರೆಯೋಕೆ ಶುರು ಮಾಡಿದ್ರು, ಆಮೇಲೆ ಇಷ್ಟು ಪರ್ಸೆಂಟ್ ಜನರನ್ನ ಕರೆಸಿದ್ರೆ ಡಾಕ್ಟರ್‌ಗಳಿಗೆ ಇಷ್ಟು ದುಡ್ಡು ಅಂತಾನೂ ಇಟ್ರು. ಇಂಗ್ಲೆಂಡ್‌ನಲ್ಲಿ ಟೆಸ್ಟ್ ಆದ ಹೆಂಗಸರು 1988ಕ್ಕೆ 42% ಇದ್ದದ್ದು 1994ಕ್ಕೆ 85% ಆಯ್ತು, ಕ್ಯಾನ್ಸರ್ ಇಳಿಯೋಕೆ ಶುರುವಾಯ್ತು. ಹೊಸ ಮೆಷಿನ್ ಏನೂ ಬಂದಿರಲಿಲ್ಲ, ಬಂದದ್ದು ಒಂದು ಪಟ್ಟಿ ಮತ್ತು ಒಂದು ಅಂಚೆ ಕವರ್.

ಅಮೆರಿಕದಲ್ಲಿ ಇಂಥ ರಾಷ್ಟ್ರೀಯ ಪಟ್ಟಿ ಇಲ್ಲ. ಇನ್ಶೂರೆನ್ಸ್ ಇದ್ದೋರಿಗೆ ಒಬಾಮಾ ಕಾಲದ ಕಾನೂನಿನಿಂದಾಗಿ ಟಾಸ್ಕ್ ಫೋರ್ಸ್ ಹೇಳಿದ ಟೆಸ್ಟ್‌ಗಳು ಕೈಯಿಂದ ದುಡ್ಡು ಹಾಕದೇ ಆಗತ್ತೆ, ಇಲ್ಲದೋರಿಗೆ 1990ರ ಒಂದು ಕಾನೂನಿನ ಕೆಳಗೆ ಬೇರೆ ಪ್ರೋಗ್ರಾಂ ಇದೆ, ಆದ್ರೆ ನೆನಪಿಟ್ಟು ಹೋಗೋ ಜವಾಬ್ದಾರಿ ಬಹುಪಾಲು ಹೆಂಗಸಿನದ್ದೇ. ಇದರ ಫಲ ಏನಪ್ಪಾ ಅಂದ್ರೆ ಒಂದು ಕಡೆ ಬೇಕಾದ್ದಕ್ಕಿಂತ ಜಾಸ್ತಿ ಟೆಸ್ಟ್ ಮಾಡಿಸ್ಕೊಳ್ಳೋರು, ಇನ್ನೊಂದು ಕಡೆ ಟೆಸ್ಟೇ ಆಗದೋರು. ಅಲ್ಲಿ ಈಗಲೂ ಗರ್ಭಕಂಠದ ಕ್ಯಾನ್ಸರ್ ಬರೋರಲ್ಲಿ ಸುಮಾರು ಅರ್ಧದಷ್ಟು ಜನ ಯಾವತ್ತೂ ಟೆಸ್ಟ್ ಮಾಡಿಸದೋರು ಅಥವಾ ಅಪರೂಪಕ್ಕೆ ಮಾಡಿಸಿದೋರು.

ಪಟ್ಟಿ ಇದ್ದ ಮಾತ್ರಕ್ಕೆ ಎಲ್ಲಾ ಸರಿ ಅಂತಲ್ಲ. ಐರ್ಲೆಂಡ್‌ನಲ್ಲಿ 2018ರಲ್ಲಿ ವಿಕಿ ಫೆಲಾನ್ ಅನ್ನೋ ಹೆಂಗಸು ಕೋರ್ಟ್‌ಗೆ ಹೋದ ಮೇಲೆ ಹೊರಗೆ ಬಂತು, ಕ್ಯಾನ್ಸರ್ ಬಂದ ಮೇಲೆ ಹಳೇ ಸ್ಲೈಡ್‌ಗಳನ್ನ ಮತ್ತೆ ತೆಗೆದು ನೋಡಿದಾಗ ಮೊದಲ ರಿಪೋರ್ಟ್ ಬೇರೆ ಥರ ಬರಬೇಕಿತ್ತು ಅಂತ ಗೊತ್ತಾಗಿದ್ರೂ 200ಕ್ಕೂ ಹೆಚ್ಚು ಹೆಂಗಸರ ಪೈಕಿ ಬಹುಪಾಲು ಜನಕ್ಕೆ ಅದನ್ನ ಹೇಳಿರಲಿಲ್ಲ. ಎಷ್ಟೇ ಚೆನ್ನಾಗಿ ನಡೆಸಿದ್ರೂ ಸ್ಕ್ರೀನಿಂಗ್‌ನಲ್ಲಿ ಕೆಲವು ತಪ್ಪಿಹೋಗತ್ತೆ, ಅದು ಟೆಸ್ಟ್‌ನ ಮಿತಿ, ಆದ್ರೆ ಗೊತ್ತಾದ ಮೇಲೂ ಮುಚ್ಚಿಡೋದು ಬೇರೆ ವಿಷಯ, ಅಲ್ಲಿ ಜನ ಸಿಟ್ಟಾಗಿದ್ದು ಅದಕ್ಕೆ.

ಸ್ತನ ಕ್ಯಾನ್ಸರ್ ಕಥೆ ಇನ್ನೂ ಜಟಿಲ. ಗರ್ಭಕಂಠದಲ್ಲಿ ಕ್ಯಾನ್ಸರ್ ಆಗೋ ಮುಂಚಿನ ಹಂತ ಸಿಗತ್ತೆ, ಮ್ಯಾಮೋಗ್ರಾಂ ಅನ್ನೋ ಸ್ತನದ ಎಕ್ಸ್‌ರೇಯಲ್ಲಿ ಹೆಚ್ಚಾಗಿ ಸಿಗೋದು ಆಗಲೇ ಶುರುವಾಗಿರೋ ಕ್ಯಾನ್ಸರ್, ಚಿಕ್ಕದಿರೋವಾಗ. ಹಾಗಾಗಿ ಲಾಭ ಇದೆ, ಆದ್ರೆ ಅಷ್ಟು ನಾಟಕೀಯ ಅಲ್ಲ. ಬ್ರಿಟನ್‌ನಲ್ಲಿ ಈ ಜಗಳ ಜೋರಾದಾಗ ಮೈಕಲ್ ಮಾರ್ಮಟ್ ನೇತೃತ್ವದ ಸಮಿತಿ 2012ರಲ್ಲಿ ಲೆಕ್ಕ ಹಾಕಿ ಹೇಳ್ತು: 10,000 ಹೆಂಗಸರನ್ನ 50ನೇ ವಯಸ್ಸಿಂದ 20 ವರ್ಷ ಕರೀತಾ ಹೋದ್ರೆ ಸುಮಾರು 43 ಸಾವು ತಪ್ಪತ್ತೆ, ಸುಮಾರು 129 ಜನಕ್ಕೆ ಬದುಕಿರೋವರೆಗೂ ಏನೂ ತೊಂದ್ರೆ ಕೊಡದೇ ಸುಮ್ಮನೆ ಇರ್ತಿದ್ದ ಕ್ಯಾನ್ಸರ್ ಸಿಕ್ಕಿ ಆಪರೇಷನ್ನು ರೇಡಿಯೇಷನ್ನು ಆಗತ್ತೆ. ಅಂದ್ರೆ ಒಂದು ಜೀವ ಉಳಿದ್ರೆ ಮೂರು ಜನಕ್ಕೆ ಬೇಡದ ಟ್ರೀಟ್‌ಮೆಂಟ್. ಇದಕ್ಕೆ ಓವರ್‌ಡಯಾಗ್ನೋಸಿಸ್ ಅಂತಾರೆ. ತಮಾಷೆ ಅಂದ್ರೆ ಆ ಮೂರು ಜನ ಯಾರು ಅಂತ ಯಾರಿಗೂ ಗೊತ್ತಾಗಲ್ಲ, ನಾಲ್ಕೂ ಜನ ಸ್ಕ್ರೀನಿಂಗ್ ನನ್ನ ಜೀವ ಉಳಿಸ್ತು ಅಂತಾನೇ ನಂಬಿರ್ತಾರೆ.

ಈ ನಂಬರ್ ನೋಡಿ ಸಮಿತಿ ಪರವಾಗಿಲ್ಲ ಮುಂದುವರಿಸಿ ಅಂತು, ಬ್ರಿಟನ್‌ನಲ್ಲಿ 50ರಿಂದ 70ರವರೆಗೆ ಮೂರು ವರ್ಷಕ್ಕೊಂದು ಸಲ ಕರೀತಾರೆ. ಸ್ವಿಟ್ಜರ್ಲೆಂಡ್‌ನ ಮೆಡಿಕಲ್ ಬೋರ್ಡ್ ಹೆಚ್ಚೂ ಕಮ್ಮಿ ಇಂಥದ್ದೇ ಪುರಾವೆಗಳನ್ನ ನೋಡಿ ಹೊಸ ಮ್ಯಾಮೋಗ್ರಾಂ ಪ್ರೋಗ್ರಾಂಗಳನ್ನ ಶುರು ಮಾಡಲೇಬೇಡಿ ಅಂತ ಸಲಹೆ ಕೊಡ್ತು, ದೊಡ್ಡ ಗಲಾಟೆ ಆಯ್ತು. 2024ರಲ್ಲಿ ಇನ್ನೂ ಚೆನ್ನಾಗಿರೋ ಉದಾಹರಣೆ ಸಿಕ್ತು. ಏಪ್ರಿಲ್‌ನಲ್ಲಿ ಅಮೆರಿಕದ ಟಾಸ್ಕ್ ಫೋರ್ಸ್ ತನ್ನ ಹಳೇ ಮಾತು ಬದಲಾಯಿಸಿ 40ರಿಂದಲೇ ಎರಡು ವರ್ಷಕ್ಕೊಂದು ಮ್ಯಾಮೋಗ್ರಾಂ ಮಾಡಿಸಿ ಅಂತು, ಮುಂದಿನ ತಿಂಗಳೇ ಪಕ್ಕದ ಕೆನಡಾದ ಟಾಸ್ಕ್ ಫೋರ್ಸ್ ತನ್ನ ಕರಡಿನಲ್ಲಿ 40ರಿಂದ 49ರವರನ್ನ ಎಲ್ಲರನ್ನೂ ಕರೆಯೋದು ಬೇಡ, ವಿಷಯ ತಿಳ್ಕೊಂಡು ಬೇಕು ಅಂದೋರಿಗೆ ಮಾಡಿ ಅಂತು. ಇಬ್ಬರ ಮುಂದೆ ಇದ್ದ ಸ್ಟಡಿಗಳು ಬಹುತೇಕ ಅವೇ, ಸಾವಿರ ಜನರಲ್ಲಿ ಒಂದಿಬ್ಬರಿಗೆ ಆಗೋ ಲಾಭನ ನೂರಾರು ಜನಕ್ಕೆ ಆಗೋ ಸುಳ್ಳು ಎಚ್ಚರಿಕೆಯ ಎದುರು ಹೇಗೆ ತೂಗ್ತೀರಿ ಅನ್ನೋದು ವಿಜ್ಞಾನಕ್ಕಿಂತ ಮನಸ್ಸಿನ ತೀರ್ಮಾನ.

ಸುಳ್ಳು ಎಚ್ಚರಿಕೆ ಅಂದ್ರೆ ಮ್ಯಾಮೋಗ್ರಾಂನಲ್ಲಿ ಏನೋ ಕಂಡಿದೆ ಮತ್ತೆ ಬನ್ನಿ ಅಂತ ಕರೆಯೋದು, ಸ್ಕ್ಯಾನು, ಸೂಜಿ ಬಯಾಪ್ಸಿ ಎಲ್ಲಾ ಆಗಿ ಏನೂ ಇಲ್ಲ ಅನ್ನೋದು, ಆ ಮಧ್ಯದ ದಿನಗಳು ನಿದ್ದೆ ಇಲ್ಲದೇ ಕಳೆಯೋದು. ಅಮೆರಿಕದಲ್ಲಿ ಹೀಗೆ ವಾಪಸ್ ಕರೆಯೋದು ಬ್ರಿಟನ್‌ಗೆ ಹೋಲಿಸಿದ್ರೆ ಎರಡು ಪಟ್ಟು, ಸಿಗೋ ಕ್ಯಾನ್ಸರ್ ಮಾತ್ರ ಹೆಚ್ಚೂ ಕಮ್ಮಿ ಅಷ್ಟೇ. ಬ್ರಿಟನ್‌ನಲ್ಲಿ ಒಂದು ಫಿಲ್ಮನ್ನ ಸಾಮಾನ್ಯವಾಗಿ ಇಬ್ಬರು ಬೇರೆ ಬೇರೆ ಓದ್ತಾರೆ, ಅಮೆರಿಕದಲ್ಲಿ ಬಹಳ ಕಡೆ ಒಬ್ಬರೇ, ಜೊತೆಗೆ ತಪ್ಪಿಹೋದ್ರೆ ಕೇಸ್ ಬೀಳತ್ತೆ ಅನ್ನೋ ಭಯ ಬೇರೆ, ಹಾಗಾಗಿ ಸಣ್ಣ ಡೌಟ್ ಬಂದ್ರೂ ಕರೆದುಬಿಡ್ತಾರೆ.

ಜಪಾನ್, ಕೊರಿಯಾದಲ್ಲಿ 40ಕ್ಕೇ ಶುರು ಮಾಡೋಕೆ ಬೇರೆ ಕಾರಣ ಇದೆ, ಅಲ್ಲಿ ಯುರೋಪ್‌ಗಿಂತ ಚಿಕ್ಕ ವಯಸ್ಸಲ್ಲೇ ಸ್ತನ ಕ್ಯಾನ್ಸರ್ ಹೆಚ್ಚು ಕಾಣತ್ತೆ. ಆದ್ರೆ ಚಿಕ್ಕ ವಯಸ್ಸಲ್ಲಿ ಸ್ತನದ ಅಂಗಾಂಶ ಗಟ್ಟಿ ಇರತ್ತೆ, ಎಕ್ಸ್‌ರೇಯಲ್ಲಿ ಅದೂ ಬಿಳಿ, ಗೆಡ್ಡೆನೂ ಬಿಳಿ, ಹುಡುಕೋದು ಕಷ್ಟ. ಅಂದ ಹಾಗೆ ಕೊರಿಯಾದ ವಿಷಯ ಬಂತಲ್ಲ, ಅಲ್ಲಿ ನಡೆದ ಇನ್ನೊಂದು ಕಥೆ ಹೇಳಲೇಬೇಕು. 1999ರಲ್ಲಿ ಸರ್ಕಾರ ರಾಷ್ಟ್ರೀಯ ಕ್ಯಾನ್ಸರ್ ಸ್ಕ್ರೀನಿಂಗ್ ಶುರು ಮಾಡ್ತು, ಅದರಲ್ಲಿ ಥೈರಾಯ್ಡ್ ಇರಲಿಲ್ಲ, ಆದ್ರೆ ಆಸ್ಪತ್ರೆಗಳು ಹೇಗೂ ಬಂದಿದೀರಲ್ಲ ಅಂತ ಸ್ವಲ್ಪ ದುಡ್ಡಿಗೆ ಕುತ್ತಿಗೆ ಅಲ್ಟ್ರಾಸೌಂಡೂ ಮಾಡೋಕೆ ಶುರು ಮಾಡಿದ್ವು. 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ 1993ಕ್ಕೆ ಹೋಲಿಸಿದ್ರೆ 15 ಪಟ್ಟು ಏರಿತ್ತು, ಹೆಚ್ಚಿನೋರು ಹೆಂಗಸರೇ. ಸಾಯೋರ ಸಂಖ್ಯೆ ಮಾತ್ರ ಅಲ್ಲಾಡಲೇ ಇಲ್ಲ, ಅಂದ್ರೆ ಸಿಕ್ಕಿದ್ದೆಲ್ಲಾ ಬಹುಪಾಲು ಸುಮ್ಮನೆ ಇದ್ದಿದ್ದೇ. ಗುಬ್ಬಿ ಮೇಲೆ ಬ್ರಹ್ಮಾಸ್ತ್ರ. ಸಾವಿರಾರು ಜನ ಥೈರಾಯ್ಡ್ ತೆಗೆಸ್ಕೊಂಡು ಜೀವನಪೂರ್ತಿ ಮಾತ್ರೆ ನುಂಗೋ ಹಾಗಾಯ್ತು. 2014ರಲ್ಲಿ ಅಲ್ಲಿನ ಕೆಲವು ಡಾಕ್ಟರ್‌ಗಳೇ ಬಹಿರಂಗವಾಗಿ ಸಾಕು ನಿಲ್ಲಿಸಿ ಅಂದ ಮೇಲೆ ಒಂದೇ ವರ್ಷದಲ್ಲಿ ಆಪರೇಷನ್‌ಗಳು ಮೂರನೇ ಒಂದು ಭಾಗದಷ್ಟು ಇಳಿದ್ವು.

ಅಂಡಾಶಯದ ಕ್ಯಾನ್ಸರ್‌ಗೆ ಯಾಕೆ ಯಾರೂ ಕರೆಯಲ್ಲ ಅಂತ ತುಂಬಾ ಜನ ಕೇಳ್ತಾರೆ. ಪ್ರಯತ್ನ ಪಟ್ಟಿದಾರೆ, ಬ್ರಿಟನ್‌ನಲ್ಲಿ ಎರಡು ಲಕ್ಷ ಹೆಂಗಸರ ಸ್ಟಡಿಯಲ್ಲಿ ಅರ್ಧದಷ್ಟು ಜನಕ್ಕೆ ವರ್ಷಗಟ್ಟಲೆ ರಕ್ತದ ಸಿಎ 125 ಟೆಸ್ಟು ಅಥವಾ ಸ್ಕ್ಯಾನ್ ಮಾಡಿ ನೋಡಿದ್ರು, 2021ರಲ್ಲಿ ಫಲಿತಾಂಶ ಬಂತು, ಸಾವು ಕಮ್ಮಿ ಆಗ್ಲಿಲ್ಲ. ಅಲ್ಲಿಗೆ ಮುಗೀತು.

ಇನ್ನು ಬಡ ಮತ್ತು ಮಧ್ಯಮ ಆದಾಯದ ದೇಶಗಳು. 2022ರಲ್ಲಿ ಪ್ರಪಂಚದಲ್ಲಿ ಸುಮಾರು ಮೂರೂವರೆ ಲಕ್ಷ ಹೆಂಗಸರು ಗರ್ಭಕಂಠದ ಕ್ಯಾನ್ಸರ್‌ನಿಂದ ಸತ್ರು, ಅದರಲ್ಲಿ ಬಹುಪಾಲು ಇಂಥ ದೇಶಗಳಲ್ಲೇ. ಇಲ್ಲಿ ಪ್ಯಾಪ್ ನಡೆಸೋಕೆ ಲ್ಯಾಬ್ ಬೇಕು, ಸ್ಲೈಡ್ ಓದೋರು ಬೇಕು, ರಿಪೋರ್ಟ್ ಬಂದ ಮೇಲೆ ಆ ಹೆಂಗಸನ್ನ ಮತ್ತೆ ಹುಡುಕಿ ಕರೆಸಬೇಕು. ಅದಕ್ಕೆ ಭಾರತ 2016ರ ಮಾರ್ಗಸೂಚಿಯಲ್ಲಿ ಬೇರೆ ದಾರಿ ಹಿಡೀತು: 30ರಿಂದ 65ರವರೆಗೆ ಐದು ವರ್ಷಕ್ಕೊಂದು ಸಲ ವಿಐಎ, ಅಂದ್ರೆ ಗರ್ಭಕಂಠಕ್ಕೆ ತೆಳುವಾದ ಅಸಿಟಿಕ್ ಆಸಿಡ್ ಹಚ್ಚಿ ಒಂದು ನಿಮಿಷ ಕಾದು ಬರಿಗಣ್ಣಲ್ಲಿ ನೋಡೋದು, ಕೆಟ್ಟ ಜಾಗ ಬೆಳ್ಳಗಾಗತ್ತೆ. ಸ್ತನಕ್ಕೆ ಮ್ಯಾಮೋಗ್ರಾಂ ಇಲ್ಲ, ಟ್ರೇನಿಂಗ್ ಆದ ನರ್ಸ್ ಅಥವಾ ಡಾಕ್ಟರ್ ಕೈಯಲ್ಲಿ ಮುಟ್ಟಿ ನೋಡ್ತಾರೆ.

ಇದನ್ನ ಕೀಳಾಗಿ ನೋಡೋ ಹಾಗಿಲ್ಲ. ಮುಂಬೈನಲ್ಲಿ ಟಾಟಾ ಮೆಮೋರಿಯಲ್‌ನವರು ಸುಮಾರು ಒಂದೂವರೆ ಲಕ್ಷ ಹೆಂಗಸರ ಮೇಲೆ ನಡೆಸಿದ ಸ್ಟಡಿಯಲ್ಲಿ ಹತ್ತನೇ ಕ್ಲಾಸ್ ಓದಿದ ಹೆಂಗಸರಿಗೆ ಟ್ರೇನಿಂಗ್ ಕೊಟ್ಟು ವಿಐಎ ಮಾಡಿಸಿದಾಗ ಗರ್ಭಕಂಠದ ಕ್ಯಾನ್ಸರ್ ಸಾವು 31% ಕಮ್ಮಿ ಆಯ್ತು. ಉಸ್ಮಾನಾಬಾದ್ ಜಿಲ್ಲೆಯ ಇನ್ನೊಂದು ಸ್ಟಡಿ 2009ರಲ್ಲಿ ಬಂತು, ಅಲ್ಲಿ ವಿಐಎ ಮತ್ತೆ ಪ್ಯಾಪ್‌ನಿಂದ ಅಂಥ ಲಾಭ ಕಾಣ್ಲಿಲ್ಲ, ಆದ್ರೆ ಒಂದೇ ಒಂದು ಸಲ ಮಾಡಿದ ಎಚ್‌ಪಿವಿ ಟೆಸ್ಟ್‌ನಿಂದ ಸಾವು ಅರ್ಧಕ್ಕಿಳೀತು. (ಹೋಲಿಕೆಗೆ ಅಂತ ಒಂದು ಗುಂಪಿಗೆ ಸ್ಕ್ರೀನಿಂಗೇ ಕೊಡಲಿಲ್ಲ ಅನ್ನೋದಕ್ಕೆ ಈ ಸ್ಟಡಿಗಳು ಆಮೇಲೆ ಸಾಕಷ್ಟು ಬೈಸಿಕೊಂಡ್ವು, ಬೈದಿದ್ದು ತಪ್ಪೂ ಅಲ್ಲ.) ಈ ಉಸ್ಮಾನಾಬಾದ್ ಫಲಿತಾಂಶ ಇಡೀ ಪ್ರಪಂಚದ ಯೋಚನೆಗೆ ದಾರಿ ತೋರಿಸ್ತು, ಈಗ ವಿಶ್ವ ಆರೋಗ್ಯ ಸಂಸ್ಥೆ 30ರಿಂದ ಎಚ್‌ಪಿವಿ ಟೆಸ್ಟ್ ಮಾಡಿ, 5–10 ವರ್ಷಕ್ಕೊಂದು ಸಾಕು ಅನ್ನತ್ತೆ, ಎಚ್‌ಐವಿ ಇರೋರಿಗೆ ರಿಸ್ಕ್ ಸುಮಾರು ಆರು ಪಟ್ಟು ಇರೋದ್ರಿಂದ 25ರಿಂದಲೇ, 3–5 ವರ್ಷಕ್ಕೊಂದು.

ಆದ್ರೆ ಸ್ಟಡಿ ನಡೆದ ದೇಶದಲ್ಲೇ ಆಗಿದ್ದೇನು? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 30ರಿಂದ 49ರ ಹೆಂಗಸರಲ್ಲಿ ಯಾವತ್ತಾದ್ರೂ ಗರ್ಭಕಂಠದ ಟೆಸ್ಟ್ ಆದೋರು 1.9%, ಸ್ತನದ್ದು 0.9%. ಕಾಗದದ ಮೇಲಿನ ರೂಲ್ಸ್ ಫಿನ್ಲೆಂಡ್‌ನಷ್ಟೇ ಚೆನ್ನಾಗಿದೆ, ಐದು ವರ್ಷಕ್ಕೊಂದು, 30ರಿಂದ. ಮನೆಗೆ ಬರೋ ಆ ಕರೆ ಇಲ್ಲ. ಕರೆ ಬಂದು ಟೆಸ್ಟ್ ಆದ್ರೂ ಪಾಸಿಟಿವ್ ಬಂದೋಳಿಗೆ ಹತ್ತಿರದಲ್ಲಿ ಟ್ರೀಟ್‌ಮೆಂಟ್ ಇಲ್ಲ ಅಂದ್ರೆ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ, ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆಯ 2020ರ ಗುರಿ 90–70–90 ಅಂತಿರೋದು: 2030ರೊಳಗೆ 90% ಹುಡುಗಿಯರಿಗೆ 15 ತುಂಬೋ ಮುಂಚೆ ಎಚ್‌ಪಿವಿ ಲಸಿಕೆ, 70% ಹೆಂಗಸರಿಗೆ 35ರೊಳಗೊಂದು 45ರೊಳಗೊಂದು ಟೆಸ್ಟ್, ತೊಂದ್ರೆ ಸಿಕ್ಕಿದ 90% ಜನಕ್ಕೆ ಟ್ರೀಟ್‌ಮೆಂಟ್. ಸ್ತನ ಕ್ಯಾನ್ಸರ್‌ಗೆ ಬಂದ್ರೆ ಬಡ ದೇಶಗಳು ಮ್ಯಾಮೋಗ್ರಾಂ ಮೆಷಿನ್‌ಗೆ ದುಡ್ಡು ಸುರಿಯೋ ಮುಂಚೆ ಗಂಟು ಇದೆ ಅಂತ ಬಂದೋಳಿಗೆ 60 ದಿನದೊಳಗೆ ಏನು ಅಂತ ಹೇಳಿ ಅನ್ನೋದು ಅವರ ಸಲಹೆ.

ನಾಚಿಕೆ, ಸಂಕೋಚ, ಗರ್ಭಕಂಠ ಕಾಣೋ ಹಾಗೆ ಒಳಗೆ ಹಾಕೋ ಸ್ಪೆಕ್ಯುಲಂ ಅನ್ನೋ ಉಪಕರಣದ ಭಯ, ಇವು ಮಾತ್ರ ಎಲ್ಲಾ ದೇಶದಲ್ಲೂ ಒಂದೇ. ಇದಕ್ಕೆ ಎಚ್‌ಪಿವಿ ಟೆಸ್ಟ್ ಒಂದು ದಾರಿ ಕೊಟ್ಟಿದೆ, ಹತ್ತಿ ಕಡ್ಡಿಯಂಥದ್ದನ್ನ ಹೆಂಗಸು ತಾನೇ ಒಳಗೆ ತಿರುಗಿಸಿ ಸ್ಯಾಂಪಲ್ ಕೊಡಬಹುದು. ನೆದರ್‌ಲ್ಯಾಂಡ್ಸ್‌ನಲ್ಲಿ ಮನೆಯಲ್ಲೇ ಮಾಡಿ ಪೋಸ್ಟ್ ಮಾಡ್ತಾರೆ, ಆಸ್ಟ್ರೇಲಿಯಾ 2022ರ ಜುಲೈನಿಂದ ಎಲ್ಲರಿಗೂ ಈ ಆಯ್ಕೆ ಕೊಟ್ಟಿದೆ, ಅಮೆರಿಕ 2024ರಲ್ಲಿ ಕ್ಲಿನಿಕ್ ಒಳಗೆ, 2025ರಲ್ಲಿ ಮನೆಯಲ್ಲಿ ಮಾಡೋದಕ್ಕೂ ಒಪ್ಪಿಗೆ ಕೊಡ್ತು.

ಲಸಿಕೆ ಹಾಕಿಸಿಕೊಂಡ ಪೀಳಿಗೆ ಈಗ ಸ್ಕ್ರೀನಿಂಗ್ ವಯಸ್ಸಿಗೆ ಬರ್ತಿರೋದ್ರಿಂದ ಈ ರೂಲ್ಸೂ ಮತ್ತೆ ಬದಲಾಗೋದಿದೆ. ಸ್ಕಾಟ್ಲೆಂಡ್‌ನಲ್ಲಿ 12–13ನೇ ವಯಸ್ಸಲ್ಲಿ ಲಸಿಕೆ ತಗೊಂಡೋರಲ್ಲಿ ಒಂದೂ ಗರ್ಭಕಂಠದ ಕ್ಯಾನ್ಸರ್ ಕೇಸ್ ಇಲ್ಲ ಅಂತ 2024ರ ಸ್ಟಡಿ ಹೇಳ್ತು. ಜಪಾನ್ ಮಾತ್ರ ಅಡ್ಡಪರಿಣಾಮದ ಸುದ್ದಿಗೆ ಹೆದರಿ 2013ರಲ್ಲಿ ಲಸಿಕೆಯ ಶಿಫಾರಸು ನಿಲ್ಲಿಸಿ 2022ರಲ್ಲಿ ಮತ್ತೆ ಶುರು ಮಾಡ್ತು, ಆ ಮಧ್ಯದ ಒಂಬತ್ತು ವರ್ಷದಲ್ಲಿ ಲಸಿಕೆ ತಪ್ಪಿಸಿಕೊಂಡ ಹುಡುಗಿಯರಿಗೆ ಸ್ಕ್ರೀನಿಂಗ್ ಬೇರೆಲ್ಲರಿಗಿಂತ ಜಾಸ್ತಿ ಬೇಕಾಗತ್ತೆ.

ದೇಶ ಬಿಟ್ಟು ದೇಶಕ್ಕೆ ಹೋಗೋರು ಒಂದು ಕೆಲಸ ಮಾಡಿ, ಹಳೇ ರಿಪೋರ್ಟ್‌ಗಳನ್ನ ಜೊತೆಗೆ ಇಟ್ಕೊಳ್ಳಿ, ಆಗಿದ್ದು ಪ್ಯಾಪ್ಪಾ ಎಚ್‌ಪಿವಿನಾ, ಯಾವ ವರ್ಷ, ಏನು ಬಂತು. ಒಂದು ದೇಶದ ರಿಜಿಸ್ಟರ್ ಇನ್ನೊಂದು ದೇಶದ ಕಂಪ್ಯೂಟರ್‌ಗೆ ಕಾಣಲ್ಲ, ಹೊಸ ಡಾಕ್ಟರ್‌ಗೆ ನೀವು ಹೇಳಿದ್ದಷ್ಟೇ ಗೊತ್ತು.